ಬಟನ್ ಒತ್ತಿದರೆ ಬರುವವರು ಯಾರು?

(ಸಂಘದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ, ಮುಂಬ್ರಾದಲ್ಲಿ ಮಾಡಿದ ಭಾಷಣದ ಬರಹರೂಪ)



ವೈದ್ಯಕೀಯ ನಿಧಿಯ ಬಗ್ಗೆ ಮಾತಾಡಲು ನಿಂತವರು ಸಾಮಾನ್ಯವಾಗಿ ಡಯಾಲಿಸಿಸ್, ಕ್ಯಾನ್ಸರ್, ಬೈಪಾಸ್ ಎಂದು ಶುರು ಮಾಡುತ್ತಾರೆ. ಅವೆಲ್ಲ ನಮ್ಮ ನಿಧಿಯ ಮುಖ್ಯ ಖರ್ಚುಗಳೇ, ಮುಂದೆಯೂ ಹಾಗೆಯೇ ಇರುತ್ತವೆ. ನನಗೆ ಸಮಿತಿಯವರು ವಹಿಸಿದ್ದು ಬೇರೆ ವಿಷಯ. ಒಂಟಿಯಾಗಿ, ಅಥವಾ ಗಂಡ ಹೆಂಡತಿ ಇಬ್ಬರೇ ಇರುವ ಹಿರಿಯರ ಮನೆಗೆ ಒಂದು ತುರ್ತು ಅಲಾರಂ ಕೊಡುವ ಯೋಜನೆ ಅದು. ಅದಕ್ಕೆ ನಿಮ್ಮ ದುಡ್ಡನ್ನು ಯಾಕೆ ಕೇಳುತ್ತಿದ್ದೇವೆ, ಆ ದುಡ್ಡು ಹೇಗೆ ಖರ್ಚಾಗಬೇಕು ಎಂಬುದನ್ನು ಹೇಳುತ್ತೇನೆ. ನಾನು ಡಾಕ್ಟರಲ್ಲ, ಇಂಜಿನಿಯರೂ ಅಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಲೆಕ್ಕ ಕೇಳುವುದು, ಲೆಕ್ಕ ಕೊಡುವುದು, ಇವೆರಡೇ ನನಗೆ ಗೊತ್ತು.

ಮೊದಲು ಒಂದು ಘಟನೆ. ನಮ್ಮ ಸಂಘದ ಒಬ್ಬ ಹಿರಿಯ ಸದಸ್ಯೆಯ ಕತೆ ಇದು. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಹೆಸರು ಬೇಡ ಎಂದಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಯಜಮಾನರು ತೀರಿಕೊಂಡಿದ್ದಾರೆ, ಮಗ ಗಲ್ಫಿನಲ್ಲಿ. ಲಿಫ್ಟ್ ಇಲ್ಲದ ಬಿಲ್ಡಿಂಗಿನ ನಾಲ್ಕನೇ ಮಾಳಿಗೆ. ರಂಜಾನ್ ತಿಂಗಳ ಒಂದು ರಾತ್ರಿ ಹತ್ತು ಗಂಟೆಗೆ ಬಾತ್‌ರೂಮಿನಲ್ಲಿ ಜಾರಿ ಬಿದ್ದರು. ಮೊಬೈಲು ಹಾಲಿನಲ್ಲಿ ಚಾರ್ಜಿಗೆ ಇತ್ತು. ಕೂಗಿದರು, ಯಾರಿಗೂ ಕೇಳಿಸಲಿಲ್ಲ. ಆಮೇಲೆ ಕೂಗುವ ಶಕ್ತಿಯೂ ಹೋಯಿತು. ಕೈಗೆ ಸಿಕ್ಕ ಸ್ಟೀಲ್ ಚೊಂಬಿನಿಂದ ಟೈಲ್ಸಿಗೆ ಬಡಿಯುತ್ತಾ ಇದ್ದರು. ಬೆಳಗಿನ ಜಾವ ಸಹರಿ ಊಟಕ್ಕೆ ಎದ್ದ ಪಕ್ಕದ ಮನೆಯವರಿಗೆ ಆ ಸದ್ದು ಕೇಳಿಸಿತು. ಬಂದು ನೋಡಿದರೆ ಬಾಗಿಲಿಗೆ ಒಳಗಿನಿಂದ ಚಿಲಕ, ಅದರ ಹೊರಗೆ ಕಬ್ಬಿಣದ ಸೇಫ್ಟಿ ಡೋರ್. ಒಡೆದು ಒಳಗೆ ಹೋಗುವುದಕ್ಕೇ ಅರ್ಧ ಗಂಟೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಹಿಡಿದುಕೊಂಡು ಕೆಳಗಿಳಿಸಿದರು. ಗಲ್ಲಿಯೊಳಗೆ ಆಂಬುಲೆನ್ಸ್ ಬರುವುದಿಲ್ಲ, ರಿಕ್ಷಾದಲ್ಲೇ ಆಸ್ಪತ್ರೆಗೆ ಹೋಯಿತು.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು, ನಿಧಿಯಿಂದ ನೆರವು ಕೊಟ್ಟೆವು. ಈಗ ವಾಕರ್ ಹಿಡಿದು ನಡೆಯುತ್ತಾರೆ, ದೇವರ ದಯೆ. ಆದರೆ ಅವರನ್ನು ಹೆಚ್ಚು ದಿನ ಆಸ್ಪತ್ರೆಯಲ್ಲಿ ಇರಿಸಿದ್ದು ಮುರಿದ ಮೂಳೆಯಲ್ಲ, ಒದ್ದೆ ನೆಲದ ಮೇಲೆ ಅಲುಗಾಡದೆ ಬಿದ್ದಿದ್ದ ಆರು ಗಂಟೆಗಳು. ವೈದ್ಯರು ಇದನ್ನು ಬಿಡಿಸಿ ಹೇಳುತ್ತಾರೆ. ವಯಸ್ಸಾದವರು ಒಂದು ಗಂಟೆಗಿಂತ ಹೆಚ್ಚು ಹೊತ್ತು ಹಾಗೆ ಬಿದ್ದಿದ್ದರೆ ಮೈಯಲ್ಲಿ ನೀರಿನಂಶ ಕಡಿಮೆಯಾಗುತ್ತದೆ, ಒತ್ತಡ ಬಿದ್ದ ಕಡೆ ಚರ್ಮ ಹುಣ್ಣಾಗುತ್ತದೆ, ಜಜ್ಜಿದ ಸ್ನಾಯು ಕರಗಿ ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಕೊಡಬಹುದು, ನ್ಯುಮೋನಿಯಾ ಹಿಡಿಯಬಹುದು. ಬಿದ್ದದ್ದು ಪಾರ್ಶ್ವವಾಯುವಿನಿಂದಾದರೆ ಗಡಿಯಾರ ಇನ್ನೂ ಬಿಗಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

ಈಗ ಸರ್ಕಾರದ ಯೋಜನೆಗಳಿವೆ. 2024ರ ಅಕ್ಟೋಬರ್ ಕೊನೆಯಿಂದ 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಭಾರತ್ ಅಡಿಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕದ ರಕ್ಷಣೆ ಇದೆ. ಕಾರ್ಡು ಮಾಡಿಸದವರು ಸಂಘದ ಕಚೇರಿಗೆ ಬನ್ನಿ, ಮಾಡಿಸಿ ಕೊಡುತ್ತೇವೆ. ಮೆಡಿಕ್ಲೈಮ್ ಇದೆ, ನಮ್ಮ ನಿಧಿ ಇದೆ. ಇವೆಲ್ಲವೂ ಲೆಕ್ಕಕ್ಕೆ ಬರುವುದು ಆಸ್ಪತ್ರೆಯ ಬಾಗಿಲಿನಿಂದ ಆಚೆಗೆ. ಬಾತ್‌ರೂಮಿನ ನೆಲದಿಂದ ಆಸ್ಪತ್ರೆಯ ಬಾಗಿಲಿನ ತನಕ ಯಾವ ಪಾಲಿಸಿಯೂ ಇಲ್ಲ. ಆ ಅಂತರಕ್ಕಾಗಿಯೇ ಈ ಯೋಜನೆ.

ಇದೇನು ಹೊಸ ಕಲ್ಪನೆಯಲ್ಲ. 1970ರ ದಶಕದಲ್ಲೇ ಜರ್ಮನಿಯಲ್ಲಿ ಮತ್ತು ಅಮೆರಿಕದಲ್ಲಿ ಇದು ಶುರುವಾಯಿತು. ಬೋಸ್ಟನ್ನಿನಲ್ಲಿ ಆಂಡ್ರ್ಯೂ ಡಿಬ್ನರ್ ಎಂಬ ಮನಶ್ಶಾಸ್ತ್ರಜ್ಞ 1974ರಲ್ಲಿ ಲೈಫ್‌ಲೈನ್ ಎಂಬ ಸಂಸ್ಥೆ ಕಟ್ಟಿದರು. ಕತ್ತಿನಲ್ಲೋ ಮಣಿಕಟ್ಟಿನಲ್ಲೋ ಒಂದು ಬಟನ್, ಮನೆಯಲ್ಲಿ ಫೋನಿಗೆ ಸೇರಿಸಿದ ಒಂದು ಪೆಟ್ಟಿಗೆ. ಬಟನ್ ಒತ್ತಿದರೆ ಪೆಟ್ಟಿಗೆ ತಾನೇ ಫೋನ್ ಮಾಡುತ್ತದೆ, ಅತ್ತ ಕಡೆ ಹಗಲೂ ರಾತ್ರಿ ಒಬ್ಬರು ಕುಳಿತಿರುತ್ತಾರೆ. ಈಗಿನವು ಲ್ಯಾಂಡ್‌ಲೈನ್ ಬದಲು ಸಿಮ್ ಕಾರ್ಡಿನಲ್ಲಿ ನಡೆಯುತ್ತವೆ. ನಾವು ಮೊದಲೇ ತುಂಬಿದ ಮೂರು ನಾಲ್ಕು ನಂಬರುಗಳಿಗೆ ಒಂದಾದ ಮೇಲೊಂದು ಕರೆ ಹೋಗುತ್ತದೆ. ಕೆಲವು ವಾಚುಗಳು ಬಿದ್ದದ್ದನ್ನು ತಾವೇ ಗುರುತಿಸುತ್ತವೆ. ಆದರೆ ಧಡಕ್ಕನೆ ಬಿದ್ದದ್ದು ಗೊತ್ತಾದಷ್ಟು ಸುಲಭವಾಗಿ, ಗೋಡೆ ಹಿಡಿದು ಮೆಲ್ಲನೆ ಕುಸಿದದ್ದು ಅವಕ್ಕೆ ಗೊತ್ತಾಗುವುದಿಲ್ಲ.

ಹಾಗಾದರೆ ಇಪ್ಪತ್ತು ಪೆಟ್ಟಿಗೆ ತಂದು ಹಂಚಿ, ಫೋಟೋ ತೆಗೆಸಿ, ನ್ಯೂಸ್‌ಲೆಟರಿನಲ್ಲಿ ಹಾಕಿದರೆ ಮುಗಿಯಿತಾ? ಇಲ್ಲಿ ನನ್ನ ಬ್ಯಾಂಕಿನ ಅನುಭವ ಹೇಳಬೇಕು. ಪ್ರತಿ ಬ್ರಾಂಚಿನಲ್ಲೂ ಕ್ಯಾಷಿಯರ್ ಕೌಂಟರಿನ ಕೆಳಗೆ ಅಲಾರಂ ಸ್ವಿಚ್ ಇರುತ್ತದೆ. ಕಳ್ಳರು ಬಂದರೆ ಒತ್ತುವುದಕ್ಕೆ. ನನ್ನ ಸರ್ವಿಸಿನಲ್ಲಿ ಒಂದು ಸಲವೂ ಅದನ್ನು ನಿಜವಾಗಿ ಒತ್ತುವ ಪ್ರಸಂಗ ಬರಲಿಲ್ಲ. ಆದರೂ ಗೊತ್ತುಮಾಡಿದ ದಿನ ಅದನ್ನು ಒತ್ತಿ ನೋಡಿ, ರಿಜಿಸ್ಟರಿನಲ್ಲಿ ತಾರೀಕು ಹಾಕಿ ಸಹಿ ಮಾಡಲೇಬೇಕಿತ್ತು. ಇನ್‌ಸ್ಪೆಕ್ಷನ್‌ಗೆ ಬಂದವರು ಸ್ವಿಚ್ ಇದೆಯಾ ಎಂದು ಕೇಳುತ್ತಿರಲಿಲ್ಲ, ರಿಜಿಸ್ಟರ್ ಎಲ್ಲಿ ಎಂದು ಕೇಳುತ್ತಿದ್ದರು.

ಇದಕ್ಕೆ ಪುರಾವೆಯೂ ಇದೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 90 ದಾಟಿದವರನ್ನು ಒಂದು ವರ್ಷ ಗಮನಿಸಿ ಮಾಡಿದ ಅಧ್ಯಯನವೊಂದು 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಶೇ. 60 ಮಂದಿ ಆ ವರ್ಷ ಬಿದ್ದಿದ್ದರು. ಬಿದ್ದವರಲ್ಲಿ ಶೇ. 80 ಮಂದಿಗೆ ಒಂದು ಸಲವಾದರೂ ತಾವಾಗಿ ಏಳಲು ಆಗಿರಲಿಲ್ಲ. ಶೇ. 30 ಮಂದಿ ಒಂದು ಗಂಟೆಯೋ ಅದಕ್ಕಿಂತ ಹೆಚ್ಚೋ ನೆಲದ ಮೇಲೇ ಇದ್ದರು. ಅಲ್ಲಿ ಅಲಾರಂಗೆ ಕೊರತೆಯಿರಲಿಲ್ಲ. ಆದರೂ ಹಾಗೆ ಬಹಳ ಹೊತ್ತು ಬಿದ್ದಿದ್ದ ಹೆಚ್ಚಿನ ಪ್ರಸಂಗಗಳಲ್ಲಿ ಅದನ್ನು ಬಳಸಿಯೇ ಇರಲಿಲ್ಲ.

ಯಾಕೆ ಎಂದು ತಿಳಿಯಲು ಕೇಂಬ್ರಿಜ್‌ಗೆ ಹೋಗಬೇಕಾಗಿಲ್ಲ, ನಮ್ಮ ಮನೆಗಳಲ್ಲೇ ಉತ್ತರ ಇದೆ. ಅಮ್ಮ ಹೇಳುತ್ತಾರೆ, ‘ಕತ್ತಿನಲ್ಲಿ ಕರಿಮಣಿ ಸಾಲದಾ, ಇದೊಂದು ಬೇರೆಯಾ?’ ಅಪ್ಪ ಹೇಳುತ್ತಾರೆ, ‘ನನಗೇನಾಗಿದೆ, ನಾನೇನು ರೋಗಿಯಾ?’ ಸ್ನಾನಕ್ಕೆ ಹೋಗುವಾಗ ಒದ್ದೆಯಾದೀತು ಎಂದು ಬಿಚ್ಚಿಡುತ್ತಾರೆ, ಬೀಳುವುದೂ ಅಲ್ಲೇ. ಮತ್ತೊಂದು ಕಾರಣ ಸಂಕೋಚ. ಅಪರಾತ್ರಿಯಲ್ಲಿ ಮಗನಿಗೆ ಯಾಕೆ ತೊಂದರೆ, ಸೊಸೆಗೆ ಬೆಳಿಗ್ಗೆ ಡ್ಯೂಟಿ ಇದೆ, ಸ್ವಲ್ಪ ಹೊತ್ತಿನಲ್ಲಿ ನಾನೇ ಏಳುತ್ತೇನೆ ಎಂದುಕೊಳ್ಳುತ್ತಾರೆ. ಈ ಸಂಕೋಚ ಹೋಗಲಾಡಿಸುವುದು ಯಂತ್ರದಿಂದ ಆಗುವ ಕೆಲಸವಲ್ಲ.

ಆದ್ದರಿಂದ ನಮ್ಮ ಯೋಜನೆಯಲ್ಲಿ ಪೆಟ್ಟಿಗೆಗಿಂತ ಮೊದಲು ನಾಲ್ಕು ವಿಷಯಗಳನ್ನು ಇಟ್ಟಿದ್ದೇವೆ.

ಒಂದು, ನಾಮಿನಿ. ಖಾತೆಗೆ ನಾಮಿನಿ ಇರುವ ಹಾಗೆ ಪ್ರತಿ ಹಿರಿಯರಿಗೂ ಮೂರು ಹೆಸರು ಇರಬೇಕು. ಅವರಲ್ಲಿ ಮೊದಲನೆಯವರು ನಡೆದು ಬರುವಷ್ಟು ಹತ್ತಿರ ಇರಬೇಕು. ಬೆಂಗಳೂರಿನಲ್ಲಿರುವ ಮಗಳಿಗೆ ಮೊದಲು ಕರೆ ಹೋದರೆ ಅವಳು ಗಾಬರಿಯಾಗಿ ನಮಗೇ ಫೋನ್ ಮಾಡಬೇಕು. ಮುಂಬ್ರಾದಲ್ಲಿ ಆ ಮೊದಲ ಹೆಸರು ಅನೇಕ ಮನೆಗಳಲ್ಲಿ ಪಕ್ಕದ ಮುಸ್ಲಿಂ ಕುಟುಂಬದ್ದೇ ಆಗಿರುತ್ತದೆ, ಆಗಿರಲಿ. ಕುರ್ಚಿ ಹಿಡಿದು ನಾಲ್ಕು ಮಾಳಿಗೆ ಇಳಿಸಿದವರು ಅವರೇ. ಎರಡನೆಯವರು ಸಂಘದ ಕಾರ್ಯಕರ್ತರು. 112ಕ್ಕೆ ಕರೆ ಮಾಡಿ ಮರಾಠಿಯಲ್ಲೋ ಹಿಂದಿಯಲ್ಲೋ ವಿಳಾಸ ಹೇಳುವುದು ಅವರ ಕೆಲಸ. ನೋವಿನಲ್ಲಿ ಇರುವವರಿಗೆ ಬಾಯಿಗೆ ಬರುವುದು ಕನ್ನಡವೋ ತುಳುವೋ ಮಾತ್ರ.

ಎರಡು, ಕೀಲಿ. ಒಂದು ಡೂಪ್ಲಿಕೇಟ್ ಕೀಲಿ ನಂಬಿಕೆಯ ಮನೆಯಲ್ಲಿರಬೇಕು. ರಾತ್ರಿ ಒಳಗಿನ ಚಿಲಕ ಹಾಕದೆ, ಹೊರಗಿನಿಂದ ಕೀಲಿಯಲ್ಲಿ ತೆರೆಯುವ ಲ್ಯಾಚ್ ಮಾತ್ರ ಹಾಕಬೇಕು. ಬಾತ್‌ರೂಮಿನ ಬಾಗಿಲಿಗಂತೂ ಚಿಲಕ ಬೇಡವೇ ಬೇಡ.

ಮೂರು, ಫೋನ್ ಎತ್ತುವುದು. ಈಗ ಮೋಸದ ಕರೆಗಳ ಕಾಲ. ಗೊತ್ತಿಲ್ಲದ ನಂಬರಿನಿಂದ ಬಂದರೆ ಎತ್ತಬೇಡಿ ಎಂದು ಬ್ಯಾಂಕಿನವರಾದ ನಾವೇ ಹೇಳಿದ್ದೇವೆ. ಪೆಟ್ಟಿಗೆಯ ಸಿಮ್ ನಂಬರು ಮೂವರ ಮೊಬೈಲಿನಲ್ಲೂ ಆ ಹಿರಿಯರ ಹೆಸರಿನಲ್ಲಿ ಸೇವ್ ಆಗಿರಬೇಕು. ಇಲ್ಲದಿದ್ದರೆ ಅಲಾರಂ ಕರೆಯನ್ನೇ ಕಟ್ ಮಾಡುತ್ತೀರಿ.

ನಾಲ್ಕು, ರಿಜಿಸ್ಟರ್. ಪ್ರತಿ ತಿಂಗಳ ಮೊದಲ ಭಾನುವಾರ ಕಾರ್ಯಕರ್ತರು ಮನೆಗೆ ಹೋಗಿ ಬಟನ್ ಒತ್ತಿಸಿ ನೋಡಬೇಕು. ಬಾತ್‌ರೂಮಿನೊಳಗಿನಿಂದಲೂ ಒತ್ತಿಸಬೇಕು. ಸಿಮ್ ರೀಚಾರ್ಜ್ ಇದೆಯಾ, ಬ್ಯಾಟರಿ ಇದೆಯಾ, ಕರೆಂಟು ಹೋದಾಗ ಪೆಟ್ಟಿಗೆ ನಡೆಯುತ್ತದಾ ಎಂದು ನೋಡಿ ತಾರೀಕು ಹಾಕಬೇಕು. ಆ ನೆಪದಲ್ಲಿ ಒಂದು ಲೋಟ ಚಾ ಕುಡಿದು ನಾಲ್ಕು ಮಾತಾಡಿ ಬಂದರೆ ಅದೂ ಔಷಧಿಯೇ.

ಪೆಟ್ಟಿಗೆ ಬರುವ ತನಕ ಸುಮ್ಮನೆ ಕೂರಬೇಕಾಗಿಲ್ಲ. ಪಕ್ಕದ ಮನೆಯಲ್ಲಿ ಸದ್ದಾಗುವ ವೈರ್ ಇಲ್ಲದ ಕಾಲಿಂಗ್ ಬೆಲ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದರ ಬಟನನ್ನು ಬಾತ್‌ರೂಮಿನಲ್ಲಿ, ನೆಲದಿಂದ ಒಂದು ಅಡಿ ಎತ್ತರದಲ್ಲಿ, ನೀರು ಬೀಳದ ಕಡೆ ಅಂಟಿಸಿ. ಬಿದ್ದವರ ಕೈ ಅಷ್ಟೇ ಎತ್ತರಕ್ಕೆ ಹೋಗುವುದು. 2017ರಿಂದ ಭಾರತದಲ್ಲಿ ಮಾರುವ ಮೊಬೈಲುಗಳಲ್ಲಿ ತುರ್ತು ಬಟನ್ ಇರಬೇಕೆಂಬ ನಿಯಮವಿದೆ. ಸಾದಾ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯುವುದು, ಸ್ಮಾರ್ಟ್ ಫೋನಿನಲ್ಲಿ ಪವರ್ ಬಟನನ್ನು ಬೇಗ ಬೇಗ ಮೂರು ಸಲ, ಕೆಲವದರಲ್ಲಿ ಐದು ಸಲ ಒತ್ತುವುದು. ನಿಮ್ಮ ಫೋನಿನಲ್ಲಿ ಹೇಗೆಂದು ಮೊಮ್ಮಕ್ಕಳಿಂದ ಕೇಳಿ ತಿಳಿದುಕೊಳ್ಳಿ. ಸುಮ್ಮನೆ ಒತ್ತಿ ನೋಡಬೇಡಿ, ಕರೆ ನಿಜವಾಗಿ ಹೋಗುತ್ತದೆ. ಆಂಬುಲೆನ್ಸಿಗೆ 108. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567. ಅದು 2021ರ ಅಕ್ಟೋಬರ್ 1ರಂದು ದೇಶಕ್ಕೆಲ್ಲ ಬಂತು, ಬೆಳಿಗ್ಗೆ 8ರಿಂದ ರಾತ್ರಿ 8ರ ತನಕ. ಪಿಂಚಣಿ, ಕಾನೂನು, ಮನೆಯವರ ಕಿರುಕುಳದಂಥ ವಿಷಯಗಳಿಗೆ ಒಳ್ಳೆಯದು. ಬಿದ್ದಾಗ ಮಾಡುವ ನಂಬರು ಅದಲ್ಲ.

ಬೆಂಗಳೂರಿನಲ್ಲಿ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಜತೆಗೂಡಿ 2002ರಲ್ಲೇ 1090 ಎಂಬ ಹಿರಿಯರ ಸಹಾಯವಾಣಿ ಆರಂಭಿಸಿದರು. ಪೊಲೀಸರಿಗೆ ಅಧಿಕಾರವಿದೆ, ಸಂಸ್ಥೆಗೆ ಕುಳಿತು ಕೇಳುವ ವ್ಯವಧಾನವಿದೆ. ಎರಡೂ ಸೇರಿದ್ದರಿಂದ ಕೆಲಸ ನಡೆಯಿತು. ನಮ್ಮದು ಸಣ್ಣ ಸಂಘ, ಅಷ್ಟು ದೊಡ್ಡದು ನಮ್ಮಿಂದ ಆಗದು. ಆದರೆ ಕುಳಿತು ಕೇಳುವ ಅರ್ಧ ಭಾಗ ನಮ್ಮ ಕೈಯಲ್ಲೇ ಇದೆ.

ಕಳೆದ ಸಭೆಯಲ್ಲಿ ಒಬ್ಬ ಹಿರಿಯ ದಾನಿಗಳು ನೇರವಾಗಿಯೇ ಕೇಳಿದರು, ‘ಡಯಾಲಿಸಿಸ್‌ಗೆ ಕೊಟ್ಟ ದುಡ್ಡನ್ನು ಯಂತ್ರಕ್ಕೆ ಹಾಕುತ್ತೀರಾ? ಮಕ್ಕಳು ಕೊಡಿಸಲಿ.’ ಪ್ರಶ್ನೆ ಸರಿಯಾಗಿದೆ, ಉತ್ತರ ಕೊಡುವುದು ನಮ್ಮ ಕರ್ತವ್ಯ. ಈ ಯೋಜನೆಗೆ ಬೇರೆಯೇ ಲೆಡ್ಜರ್. ರೋಗಿಗಳ ನೆರವಿಗೆ ಬಂದ ಒಂದು ರೂಪಾಯಿಯೂ ಇದಕ್ಕೆ ಬರುವುದಿಲ್ಲ. ಕೊಡಿಸಬಲ್ಲ ಮಕ್ಕಳಿರುವವರು ತಮ್ಮ ಖರ್ಚಿನಲ್ಲೇ ಕೊಳ್ಳಬೇಕು, ಜೋಡಿಸಿ ಕೊಡುವುದು ಮತ್ತು ತಿಂಗಳ ಪರೀಕ್ಷೆ ಮಾತ್ರ ಸಂಘದ್ದು. ನಿಧಿಯಿಂದ ಪೆಟ್ಟಿಗೆ ಸಿಗುವುದು ಗತಿಯಿಲ್ಲದವರಿಗೆ. ಹೋಟೆಲಿನಲ್ಲಿ ದುಡಿದು ಪಿಂಚಣಿಯಿಲ್ಲದೆ ನಿಂತವರು, ಮಕ್ಕಳಿಲ್ಲದ ದಂಪತಿ, ಗಂಡ ತೀರಿಕೊಂಡು ಒಂದು ರೂಮಿನಲ್ಲಿ ಇರುವ ಹೆಂಗಸರು. ಇಂಥವರು ಮುಂಬ್ರಾ, ಕಳ್ವಾ, ದಿವಾದ ಕಡೆ ನಮ್ಮ ಸದಸ್ಯರಲ್ಲೇ ಇದ್ದಾರೆ.

ಮೊದಲ ಹಂತಕ್ಕೆ 20 ಮನೆ. ಒಂದು ವರ್ಷ ನಡೆಸಿ, ರಿಜಿಸ್ಟರನ್ನು ಮುಂದಿನ ವಾರ್ಷಿಕ ಸಭೆಯ ಮೇಜಿನ ಮೇಲೆ ಇಡುತ್ತೇವೆ. ಎಷ್ಟು ಸಲ ಒತ್ತಿದರು, ಎಷ್ಟು ಸುಳ್ಳು ಕರೆ, ಎಷ್ಟು ನಿಮಿಷದಲ್ಲಿ ಬಾಗಿಲು ತೆರೆಯಿತು, ಎಲ್ಲವೂ ಅದರಲ್ಲಿರುತ್ತದೆ. ಬಳಸದೆ ಡ್ರಾಯರಿನಲ್ಲಿ ಬಿದ್ದಿರುವ ಪೆಟ್ಟಿಗೆಯನ್ನು ವಾಪಸ್ಸು ಪಡೆದು ಬೇರೆಯವರಿಗೆ ಕೊಡುತ್ತೇವೆ. ಪೆಟ್ಟಿಗೆಯ ಬೆಲೆ ಒಂದು ಸಲದ ಖರ್ಚು. ರೀಚಾರ್ಜು, ಬ್ಯಾಟರಿ, ದುರಸ್ತಿ ವರ್ಷ ವರ್ಷದ್ದು. ಅದಕ್ಕೇ ದೊಡ್ಡ ಮೊತ್ತ ಒಮ್ಮೆ ಕೊಡುವವರಷ್ಟೇ, ಚಿಕ್ಕ ಮೊತ್ತವನ್ನು ತಿಂಗಳು ತಿಂಗಳು ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಮೂಲಕ ಕೊಡುವವರೂ ನಮಗೆ ಬೇಕು. ದುಡ್ಡು ಸಂಘದ ಖಾತೆಗೆ ಮಾತ್ರ, ರಸೀದಿ ಪಡೆದು ಕೊಡಿ. ಸಂಘದ ಹೆಸರು ಹೇಳಿ ಫೋನಿನಲ್ಲಿ ಅಲಾರಂ ಮಾರಲು ಬಂದವರಿಗೆ, ಓಟಿಪಿ ಕೇಳಿದವರಿಗೆ ಏನನ್ನೂ ಕೊಡಬೇಡಿ.

ದುಡ್ಡಿಗಿಂತ ನನಗೆ ಹೆಚ್ಚು ಕಾಳಜಿ ಇರುವುದು ಜನದ ಬಗ್ಗೆ. 20 ಮನೆಗೆ ಕನಿಷ್ಠ 20 ಕಾರ್ಯಕರ್ತರು ಬೇಕು. ನಡುರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು, ಹತ್ತು ನಿಮಿಷದ ದಾರಿಯಲ್ಲಿರುವವರು. ನಿವೃತ್ತರಾಗಿ ಮನೆಯಲ್ಲಿರುವ ನನ್ನಂಥವರಿಗೆ ಹೇಗೂ ನಿದ್ದೆ ಕಡಿಮೆ, ನಾವೇ ಮೊದಲು ಹೆಸರು ಕೊಡೋಣ. ಬಾಗಿಲ ಬಳಿ ಎರಡು ಪುಸ್ತಕ ಇಟ್ಟಿದ್ದೇವೆ. ಒಂದು ದೇಣಿಗೆಗೆ, ಇನ್ನೊಂದು ಹೆಸರು ಮತ್ತು ಬಿಲ್ಡಿಂಗ್ ನಂಬರಿಗೆ. ಎರಡನೆಯದರಲ್ಲಿ ಮೊದಲ ಸಾಲು ನನ್ನದು ಬರೆದಿದೆ, ಎರಡನೆಯ ಸಾಲು ಖಾಲಿಯಿದೆ.