ಮಕ್ಕಳ ಕೈಗೆ ಅಳತೆಗೋಲು ಕೊಡೋಣ

(ಬಳ್ಳಾರಿಯಲ್ಲಿ ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಾಲೆಯ ವಿಜ್ಞಾನ ಪ್ರದರ್ಶನ ಸಮೀಪಿಸುತ್ತಲೇ ನಮ್ಮ ಮನೆಗಳಲ್ಲಿ ಗಡಿಬಿಡಿ ಆರಂಭವಾಗುತ್ತದೆ. ತಂದೆ ಅಂಗಡಿಗೆ ಧಾವಿಸಿ ಥರ್ಮೋಕೋಲಿನ ಜ್ವಾಲಾಮುಖಿಯನ್ನು ಕೊಂಡು ತರುತ್ತಾರೆ. ಮಗು ನಾಲ್ಕು ಸಾಲು ಬಾಯಿಪಾಠ ಮಾಡಿ, 'ಇದು ನಾನು ಮಾಡಿದ್ದು' ಎನ್ನುತ್ತದೆ. ಬಹುಮಾನವೂ ದೊರೆಯಬಹುದು. ಆದರೆ ಸುಳ್ಳು ಹೇಳಬಾರದೆಂದು ಕಲಿಸಿದ ನಾವೇ ಅಂದು ಅದರ ಬಾಯಲ್ಲಿ ಸುಳ್ಳನ್ನು ಇರಿಸಿರುತ್ತೇವೆ. ವಿಜ್ಞಾನದ ಜೀವಾಳವೇ ಸತ್ಯನಿಷ್ಠೆ. ಅಳೆದದ್ದನ್ನು ಅಳೆದಂತೆಯೇ ಬರೆಯುವುದು ಅದರ ಮೊದಲ ಪಾಠ.

ನಮ್ಮೂರಿನ ಕೋಟೆಯ ಕಥೆ ನಿಮಗೆ ತಿಳಿದಿದೆ. ಫ್ರೆಂಚ್ ಇಂಜಿನಿಯರನೊಬ್ಬ ಹೈದರ್ ಅಲಿಯವರಿಗಾಗಿ ಕೋಟೆಯನ್ನು ಬಲಪಡಿಸಿದನಂತೆ. ಎದುರಿನ ಕುಂಬಾರ ಗುಡ್ಡವೇ ಕೋಟೆಗಿಂತ ಎತ್ತರವೆಂದು ಆ ಬಳಿಕ ಅರಿವಾಗಿ, ಅವನನ್ನು ಗಲ್ಲಿಗೇರಿಸಲಾಯಿತೆಂದು ಪ್ರತೀತಿ. ಕಥೆ ನಿಜವೋ ಅಲ್ಲವೋ, ಎರಡು ಬೆಟ್ಟಗಳೂ ನಮ್ಮ ಕಣ್ಣೆದುರಿಗಿವೆ. ಅವುಗಳನ್ನು ನಮ್ಮ ಮಕ್ಕಳು ಅಳೆದದ್ದುಂಟೇ? ಒಂದು ಕೋನಮಾಪಕ, ದಾರ, ದಾರದ ತುದಿಗೊಂದು ನಟ್ಟು, ನೋಡಲು ಒಂದು ಸಣ್ಣ ಕೊಳವೆ ಇದ್ದರೆ ಸಾಕು. ಸಮತಟ್ಟಾದ ನೆಲದಲ್ಲಿ, ಬೆಟ್ಟದೆಡೆಗಿನ ಒಂದೇ ನೇರದಲ್ಲಿ ನೂರು ಮೀಟರ್ ಅಂತರದ ಎರಡು ಕಡೆ ನಿಂತು, ಶಿಖರದ ಕೋನವನ್ನು ಅಳೆಯಬೇಕು. ಮಿಕ್ಕದ್ದು ಹತ್ತನೇ ತರಗತಿಯ ತ್ರಿಕೋನಮಿತಿ.

ಸುಮಾರು ಸಾವಿರ ವರ್ಷಗಳ ಹಿಂದೆ ಅಲ್ ಬಿರೂನಿಯವರು ಇಂದಿನ ಪಾಕಿಸ್ತಾನದಲ್ಲಿರುವ ನಂದನ ಕೋಟೆಯ ಬಳಿ ಇದೇ ರೀತಿ ಬೆಟ್ಟದ ಎತ್ತರವನ್ನು ಅಳೆದರು. ಅನಂತರ ಬೆಟ್ಟದ ಮೇಲಿನಿಂದ ದಿಗಂತ ಎಷ್ಟು ಕೆಳಗೆ ಕಾಣುವುದೆಂಬ ಕೋನವನ್ನು ಅಳೆದು ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದರು. ನಮ್ಮ ವೇದಿಕೆಗಳಲ್ಲಿ ಅವರ ಹೆಸರು ಅಭಿಮಾನದಿಂದ ಕೇಳಿಬರುತ್ತದೆ. ಆದರೆ ನಮ್ಮ ಮಕ್ಕಳ ಕೈಯಲ್ಲಿ ಕೋನಮಾಪಕ ಕಾಣಿಸುವುದಿಲ್ಲ. ಪೂರ್ವಜರ ಹೊಗಳಿಕೆಯಿಂದ ಯಾವ ಸಮುದಾಯವೂ ಮೇಲೇಳಲಾರದು.

ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು ರಾಶಿ ಬೀಳುತ್ತದೆ. ಬಳ್ಳಾರಿಯ ಜೀನ್ಸ್ ಹೊಲಿಯುವ ಮನೆಗಳಲ್ಲಿ ತುಂಡು ಬಟ್ಟೆ ಉಳಿಯುತ್ತದೆ. ಒಂದೇ ತೂಕದ ಮಂಜುಗಡ್ಡೆಗಳನ್ನು ಒಂದೇ ಬಗೆಯ ಎರಡು ಡಬ್ಬಿಗಳಲ್ಲಿರಿಸಿ, ಒಂದರ ಸುತ್ತ ಹೊಟ್ಟನ್ನೂ ಇನ್ನೊಂದರ ಸುತ್ತ ಬಟ್ಟೆಯನ್ನೂ ತುಂಬಲಿ. ಅರ್ಧ ಗಂಟೆಗೊಮ್ಮೆ ಕರಗಿದ ನೀರನ್ನು ಅಳೆಯಲಿ. ಮೂರು ಬಾರಿ ಪುನರಾವರ್ತಿಸಲಿ. ನಡುವೆ ಸಿಲುಕಿದ ಗಾಳಿಯೇ ಶಾಖವನ್ನು ತಡೆಯುತ್ತದೆಂಬುದು ಆಗ ಅನುಭವಕ್ಕೆ ಬರುತ್ತದೆ. ಕುರುಗೋಡಿನ ಮಗುವಿಗೆ ತಗಡಿನ ಸೂರಿನ ಧಗೆ ಗೊತ್ತು. ಎರಡು ಪೆಟ್ಟಿಗೆಗಳಿಗೆ ತಗಡು ಹೊದಿಸಿ, ಒಂದಕ್ಕೆ ಮಾತ್ರ ಸುಣ್ಣ ಬಳಿದು, ಮಧ್ಯಾಹ್ನದ ಬಿಸಿಲಿನಲ್ಲಿ ಒಳಗಿನ ಉಷ್ಣತೆಯನ್ನು ಅದು ಬರೆದುಕೊಳ್ಳಲಿ. ತಾನು ಊಹಿಸಿದ್ದು ತಪ್ಪಾದರೆ ತಪ್ಪೆಂದೇ ಬರೆಯಲಿ.

6ರಿಂದ 14 ವರ್ಷದೊಳಗಿನ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮೆಟ್ಟಿಲು ಹತ್ತಿಲ್ಲ ಅಥವಾ ಅರ್ಧದಲ್ಲೇ ಬಿಟ್ಟಿದ್ದಾರೆಂದು 2006ರಲ್ಲಿ ಸಾಚಾರ್ ಸಮಿತಿಯು ಹೇಳಿತ್ತು. ಶಾಲೆಗಳಿಗೆ ಪ್ರಯೋಗಾಲಯವನ್ನೂ ವಿಜ್ಞಾನ ಶಿಕ್ಷಕರನ್ನೂ ಒದಗಿಸುವುದು ಸರಕಾರದ ಹೊಣೆ. ಅದನ್ನು ನಾವು ಕೇಳಲೇಬೇಕು. ಆದರೆ ಕೇಳುತ್ತಾ ಸುಮ್ಮನೆ ಕುಳಿತಿರಬೇಕಿಲ್ಲ. ನಮ್ಮಲ್ಲಿ ಮೆಕ್ಯಾನಿಕರಿದ್ದಾರೆ, ವೆಲ್ಡರ್‌ಗಳಿದ್ದಾರೆ, ದರ್ಜಿಗಳಿದ್ದಾರೆ. 'ನಾನು ಓದಿದವನಲ್ಲ' ಎಂದು ಮಗುವಿನೆದುರು ತಲೆ ತಗ್ಗಿಸುವ ತಂದೆಯ ಗ್ಯಾರೇಜೇ ಒಂದು ಪ್ರಯೋಗಾಲಯ. ತಾಯಿಯ ಹೊಲಿಗೆ ಯಂತ್ರದ ದೊಡ್ಡ ಚಕ್ರ ಒಮ್ಮೆ ತಿರುಗಿದರೆ ಸಣ್ಣ ಚಕ್ರ ಎಷ್ಟು ಸುತ್ತು ತಿರುಗುತ್ತದೆಂದು ಮಗಳು ಎಣಿಸಲಿ. ಆಕೆಯ ಆಸಕ್ತಿಯನ್ನು 'ಹುಡುಗಿಗೇಕೆ ಇದೆಲ್ಲ' ಎಂಬ ಮಾತಿನಿಂದ ಕೊಲ್ಲಬೇಡಿ.

ಕೇಂದ್ರ ಸರಕಾರದ ಇನ್‌ಸ್ಪೈರ್ ಅವಾರ್ಡ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ವಿದ್ಯಾರ್ಥಿಗೆ ಮಾದರಿ ತಯಾರಿಸಲು 10,000 ರೂಪಾಯಿ ದೊರೆಯುತ್ತದೆ. ಹೆಸರನ್ನು ಕಳುಹಿಸಬೇಕಾದುದು ಶಾಲೆ. ಮುಖ್ಯೋಪಾಧ್ಯಾಯರನ್ನು ಕಂಡು ವಿಚಾರಿಸುವುದು ಹೆತ್ತವರ ಕರ್ತವ್ಯ.

ಮುಂದಿನ ಪ್ರದರ್ಶನದಲ್ಲಿ ನಿಮ್ಮ ಮಗುವಿನ ಮಾದರಿ ಸೊಟ್ಟಗಿರಬಹುದು, ಅಂಟು ಕಾಣಿಸಬಹುದು, ಬಹುಮಾನ ಬಾರದಿರಬಹುದು. ಆದರೆ 'ಇದು ನಾನು ಮಾಡಿದ್ದು' ಎಂಬ ಅದರ ಮಾತು ಸತ್ಯವಾಗಿರಲಿ. ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನು ದಯಪಾಲಿಸಲಿ. ಆಮೀನ್.