ಮನೆಯಂಗಳದ ಮಾರಾಟ: ಆದಾಯವೂ ಎಚ್ಚರವೂ



ನೆರೆಹೊರೆಯವರನ್ನು ಮನೆಗೆ ಕರೆದು ಪಾತ್ರೆ, ಸೌಂದರ್ಯವರ್ಧಕ, ಪೌಷ್ಟಿಕ ಪುಡಿಗಳನ್ನು ತೋರಿಸಿ ಮಾರುವ ವ್ಯವಹಾರ ಹಳ್ಳಿಗಳಿಗೂ ಬಂದಿದೆ. ಕೂಲಿಯಿಲ್ಲದ ತಿಂಗಳುಗಳಲ್ಲಿ ಮಹಿಳೆಯರಿಗೆ ಇದರಿಂದ ಆದಾಯ ದೊರೆತರೆ ಅದು ಸ್ವಾಗತಾರ್ಹವೇ. ಆದರೆ ಆ ಹಣ ಬರುವುದು ವಸ್ತು ಮಾರಿದ್ದಕ್ಕೋ, ಹೊಸಬರನ್ನು ಸೇರಿಸಿದ್ದಕ್ಕೋ ಎಂಬುದನ್ನು ಮೊದಲು ವಿಚಾರಿಸಬೇಕು.

ಲೆಕ್ಕ ಸರಳವಾಗಿದೆ. ಒಬ್ಬರು ಐವರನ್ನು, ಆ ಐವರು ತಲಾ ಐವರನ್ನು ಸೇರಿಸುತ್ತ ಹೋದರೆ ಐದನೆಯ ಹಂತದಲ್ಲಿ 3,125 ಜನ ಬೇಕು; ಆರನೆಯ ಹಂತದಲ್ಲಿ 15,625. ಇಡೀ ಪಂಚಾಯಿತಿಯ ಜನಸಂಖ್ಯೆಯೂ ಅದಕ್ಕೆ ಸಾಲದು. ಕೊನೆಗೆ ಸೇರಿದವರ ಪಾಲಿಗೆ ಉಳಿಯುವುದು ಮಾರಾಟವಾಗದ ಸರಕು ಮತ್ತು ಸಂಘದ ಸಾಲ.

ಇಂತಹ ಪಿರಮಿಡ್ ಯೋಜನೆಗಳನ್ನು ಗ್ರಾಹಕ ಸಂರಕ್ಷಣೆ (ನೇರ ಮಾರಾಟ) ನಿಯಮಗಳು, 2021 ನಿಷೇಧಿಸಿವೆ. ಮಾರಾಟಗಾರರು ಗುರುತಿನ ಚೀಟಿಯಿಲ್ಲದೆ, ಮುಂಚಿತ ಒಪ್ಪಿಗೆಯಿಲ್ಲದೆ ಗ್ರಾಹಕರ ಮನೆಗೆ ಹೋಗುವಂತಿಲ್ಲ. ‘ಬೇರೆಯವರನ್ನು ಕರೆತಂದರೆ ನಿಮ್ಮ ಹಣ ಮರಳುತ್ತದೆ’ ಎಂದು ಆಸೆ ತೋರಿಸಿ ಮಾರುವಂತೆಯೂ ಇಲ್ಲ.

ಸದಸ್ಯರ ಮಾತಿಗೆ ಊರಿನಲ್ಲಿ ಬೆಲೆಯಿದೆ. ಆದುದರಿಂದ ಪರಿಶೀಲಿಸದೆ ಇಂತಹ ಸಭೆಗಳಿಗೆ ತಮ್ಮ ಹೆಸರನ್ನಾಗಲಿ ಪಂಚಾಯಿತಿಯ ಸಭಾಂಗಣವನ್ನಾಗಲಿ ಕೊಡಬಾರದೆಂದು ವಿನಂತಿಸುತ್ತೇನೆ. ‘ಮುಂದಿನ ತಿಂಗಳು ಹೊಸಬರು ಯಾರೂ ಸೇರದಿದ್ದರೂ ನಿಮಗೆ ಆದಾಯವಿರುತ್ತದೆಯೇ?’ ಎಂದು ಕೇಳಲು ಮಹಿಳೆಯರಿಗೆ ತಿಳಿಸಿರಿ. ವಂಚನೆಯ ಸಂಶಯವಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಅದೇ ಮನೆಯಂಗಳದಲ್ಲಿ ನಮ್ಮ ಸ್ವಸಹಾಯ ಸಂಘಗಳ ರೊಟ್ಟಿ, ಚಟ್ನಿಪುಡಿ, ಹಪ್ಪಳಗಳೂ ಮಾರಾಟವಾಗಲಿ. ಅವುಗಳ ಲಾಭ ದುಡಿದವರ ಕೈಯಲ್ಲಿಯೇ ಉಳಿಯುತ್ತದೆ.