ಎರಡೆಕರೆ ಲೇಔಟು: ನಾವು ನೋಡಬೇಕಾದ್ದು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣ)



ಬೆಳ್ಳಿಹಬ್ಬ ಅಂದಮೇಲೆ ಸಂಘದ ಲಾಭ, ಗೋದಾಮು, ಗೊಬ್ಬರ ಇವುಗಳ ಮಾತು ಇದ್ದೇ ಇರುತ್ತದೆ. ಅದೆಲ್ಲ ವಾರ್ಷಿಕ ವರದಿಯಲ್ಲಿ ಬಂದಿದೆ. ನಾವು ಬೇರೆ ಮಾತಾಡಬೇಕೆಂದಿದ್ದೇವೆ. ಹೋದ ಎರಡು ತಿಂಗಳಲ್ಲಿ ಹಲವು ಸದಸ್ಯರು ಅವಧಿಗೆ ಮೊದಲೇ ಠೇವಣಿ ಮುರಿಸಲು ಬಂದರು. ಯಾಕಪ್ಪಾ ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ರಸ್ತೆ ಪಕ್ಕ ಸೈಟು ಮಾಡ್ತಾವರಂತೆ, ಅಡ್ವಾನ್ಸ್ ಕೊಡಬೇಕು.’

ಜಮೀನು ಎರಡೆಕರೆ. ಮಾರುತ್ತಿರುವವರೂ ನಮ್ಮ ಸದಸ್ಯರೇ. ಹೊಗೆಸೊಪ್ಪಿಗೆ ಸೌದೆ, ಕೂಲಿ, ಬ್ಯಾರನ್ ರಿಪೇರಿ ಅಂತ ಖರ್ಚು ಏರಿ, ಶುಂಠಿ ಹಾಕಿ ಕೈ ಸುಟ್ಟುಕೊಂಡು ಮಾರಲು ಹೊರಟಿದ್ದಾರೆ. ಅವರನ್ನು ನಾವು ದೂರುವುದಿಲ್ಲ. ಕೊಳ್ಳುವವರನ್ನೂ ದೂರುವುದಿಲ್ಲ, ಗ್ರಾಮಠಾಣದಲ್ಲಿ ಅಣ್ಣತಮ್ಮಂದಿರು ಪಾಲಾಗಿ ಗೋಡೆಗೆ ಗೋಡೆ ತಾಗಿದೆ. ಮಕ್ಕಳಿಗೆ ಮನೆ ಬೇಡವೆ?

ದಲ್ಲಾಳಿಯವರು ತೋರಿಸಿದ ಬ್ಲೂಪ್ರಿಂಟನ್ನು ನಾವು ಸಂಘದ ಮೇಜಿನ ಮೇಲೆ ಹರಡಿ ಕೂತು ಲೆಕ್ಕ ಹಾಕಿದೆವು. ಗುಂಟೆಗೆ 1,089 ಚದರಡಿ, ಎರಡೆಕರೆಗೆ 87,120. ಅದರಲ್ಲಿ 30-40ರ ಸೈಟು 62 ಎಂದು ಬರೆದಿದ್ದಾರೆ. ಸೈಟಿಗೇ 74,400 ಚದರಡಿ ಹೋಯಿತು. ಮಿಕ್ಕ ಹನ್ನೆರಡು ಸಾವಿರ ಚಿಲ್ಲರೆಯಲ್ಲಿ ರಸ್ತೆ, ಚರಂಡಿ ಎಲ್ಲ ಮುಗಿಯಬೇಕು! ಎತ್ತಿನಗಾಡಿ ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕು. ಉದ್ಯಾನಕ್ಕೆ ನೂರಕ್ಕೆ ಹತ್ತು ಪಾಲು, ಅಂಗನವಾಡಿ, ನೀರಿನ ಟ್ಯಾಂಕಿನಂಥದ್ದಕ್ಕೆ ಐದು ಪಾಲು, ಓಡಾಡಲು ಸರಿಯಾದ ರಸ್ತೆ ಬಿಟ್ಟರೆ ಸೈಟಿಗೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ. ಆಗ ನಲವತ್ತು ಸೈಟು ಆಗಬಹುದು. ಹೆಚ್ಚಾಗಿ ತೋರಿಸಿದ ಆ ಇಪ್ಪತ್ತೆರಡು ಸೈಟು ನಮ್ಮ ಮೊಮ್ಮಕ್ಕಳ ಆಟದ ಜಾಗ, ಚರಂಡಿ, ಬೆಂಕಿ ಬಿದ್ದರೆ ಗಾಡಿ ಬರುವ ದಾರಿ.

‘ಅಲಿನೇಷನ್ ಆಗಿದೆ, ಇನ್ನೇನು ಬೇಕು ಸ್ವಾಮಿ’ ಅನ್ನುತ್ತಾರೆ. ಇಲ್ಲೇ ನಮ್ಮ ಜನ ಮೋಸಹೋಗುವುದು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಭೂಪರಿವರ್ತನೆ ಎಂದರೆ ವ್ಯವಸಾಯದ ಜಮೀನನ್ನು ಬೇರೆ ಉಪಯೋಗಕ್ಕೆ ತರಬಹುದು ಎಂದಷ್ಟೆ. ಅದನ್ನು ಹೇಗೆ ತುಂಡು ಮಾಡಬೇಕು, ರಸ್ತೆ ಎಷ್ಟಗಲ ಎಂಬ ಬಡಾವಣೆ ನಕ್ಷೆಯ ಮಂಜೂರಾತಿಯೇ ಬೇರೆ. ಅದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ ಸೇರಿದ್ದು. ಮಂಜೂರಾದ ಮೇಲೂ ರಸ್ತೆ, ಉದ್ಯಾನಗಳನ್ನು ಪಂಚಾಯತಿಗೆ ಬಿಟ್ಟುಕೊಟ್ಟು, ಕೆಲಸ ನಡೆದಂತೆ ಹಂತಹಂತವಾಗಿ ಸೈಟು ಬಿಡುಗಡೆ ಆಗಬೇಕು. ಇನ್ನು ಇ-ಸ್ವತ್ತಿನ 11ಬಿ ನಮೂನೆ ಕೈಗೆ ಸಿಕ್ಕಿತೆಂದು ಪಾಯಸ ಮಾಡಬೇಡಿ. ಅದು ಬಂದಮಾತ್ರಕ್ಕೆ ಲೇಔಟಿಗೆ ಮಂಜೂರಾತಿ ಸಿಕ್ಕಿತೆಂದಲ್ಲ. 500 ಚದರ ಮೀಟರಿಗೆ ಮೀರಿದ ಲೇಔಟನ್ನು 2016ರ ರೇರಾ ಕಾಯ್ದೆಯಲ್ಲೂ ನೋಂದಾಯಿಸಬೇಕು. ಎರಡೆಕರೆ ಎಂಟು ಸಾವಿರ ಮೀಟರು ದಾಟುತ್ತದೆ. ನೋಂದಣಿಗೆ ಮುಂಚೆ ಅಡ್ವಾನ್ಸ್ ಕೇಳುವುದೇ ತಪ್ಪು.

ಮೂಲವನ್ನೂ ನೋಡಬೇಕು. ನಮ್ಮ ಕಡೆ ದರಖಾಸ್ತಿನಲ್ಲಿ ಬಂದ ಜಮೀನು ಬಹಳ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದಾಗಿದ್ದರೆ 1978ರ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದ ಮಾರಾಟ ನಿಲ್ಲದು. ವಾಪಸ್ ಕೇಳಲು ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿಯೂ ಆಯಿತು.

ಸಹಕಾರ ಸಂಘ ಎಂಬ ಹೆಸರಿದ್ದರೆ ಸಾಕು ಅನ್ನುವ ಹಾಗೂ ಇಲ್ಲ. ಬೆಂಗಳೂರಿನ ಎಚ್.ಎಂ.ಟಿ. ಗೃಹ ನಿರ್ಮಾಣ ಸಹಕಾರ ಸಂಘಕ್ಕಾಗಿ ಮಾಡಿದ ಭೂಸ್ವಾಧೀನವನ್ನು ಹೈಕೋರ್ಟು ರದ್ದು ಮಾಡಿದ್ದನ್ನು 1995ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ವಸತಿ ಯೋಜನೆಗೆ ಕಾನೂನಿನಂತೆ ಮುಂಚೆಯೇ ಒಪ್ಪಿಗೆ ಪಡೆದಿರಲಿಲ್ಲ ಎಂಬುದು ಒಂದು ಮುಖ್ಯ ಕಾರಣ. ಎಚ್.ಎಂ.ಟಿ.ಯವರಿಗೇ ಹಾಗಾದರೆ ನಾವ್ಯಾವ ಲೆಕ್ಕ?

ನೆಲ ಹೋದರೆ ಏನಾಗುತ್ತದೆಂದು ಕಾಕನಕೋಟೆ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1971ರಲ್ಲಿ ಕೊನೆಯ ಖೆಡ್ಡಾ, 1974ರಲ್ಲಿ ಕಬಿನಿ ಅಣೆಕಟ್ಟು. ಆನೆ ಹಿಡಿದ ಕಾಡೂ ಉತ್ತ ಹೊಲವೂ ನೀರಿನಡಿಗೆ ಹೋದವು. ಆಗ ನಮ್ಮನ್ನು ಯಾರೂ ಕೇಳಲಿಲ್ಲ ಎಂದು ಹಿರಿಯರು ಈಗಲೂ ಕೊರಗುತ್ತಾರೆ. ಈಗ ಕೇಳುವ ಅವಕಾಶ ನಮ್ಮ ಕೈಲೇ ಇದೆ.

ಗ್ರಾಮ ನಕಾಶೆ ತೆಗೆದು ನೋಡಿದೆವು. ಆ ಎರಡೆಕರೆಯ ಅಂಚಿನಲ್ಲಿ ಜೋಡಿ ಚುಕ್ಕೆಗೆರೆ ಇದೆ. ಅದು ಕೆರೆಗೆ ಹೋಗುವ ಬಂಡಿದಾರಿ. ದನಗಳು ಈಗಲೂ ಅಲ್ಲೇ ನೀರಿಗೆ ಹೋಗುತ್ತವೆ. ಬ್ಲೂಪ್ರಿಂಟಿನಲ್ಲಿ ಅದರ ಮೇಲೆ ಐದು ಸೈಟು ಕೂತಿವೆ. ಲೇಔಟಿನ ಚರಂಡಿಯೂ ಕೆರೆಯ ಕಡೆಗೇ ಮುಖ ಮಾಡಿದೆ. ಇದನ್ನು ಜಮೀನಿನ ಯಜಮಾನರಿಗೆ ತೋರಿಸಿದಾಗ ಅವರಿಗೇ ಗೊತ್ತಿರಲಿಲ್ಲ. ‘ನಾನು ಹೆಬ್ಬೆಟ್ಟು ಒತ್ತಿದ್ದೆ ಅಷ್ಟೆ’ ಅಂದರು.

ಆದ್ದರಿಂದ ಆಡಳಿತ ಮಂಡಳಿ ಹೀಗೆ ತೀರ್ಮಾನಿಸಿದೆ. ಠೇವಣಿ ನಿಮ್ಮದು, ತಡೆಯುವ ಅಧಿಕಾರ ನಮಗಿಲ್ಲ. ಆದರೆ ಸೈಟಿಗೆಂದು ಕೇಳುವವರಿಗೆ ಮೊದಲು ಮಂಜೂರಾದ ನಕ್ಷೆಯ ಪ್ರತಿ ತರಲು ಹೇಳುತ್ತೇವೆ. ಬಂಡಿದಾರಿ, ಚರಂಡಿ ವಿಚಾರವಾಗಿ ಪಂಚಾಯತಿಗೆ ಬರೆದ ಅರ್ಜಿಗೆ ಇಂದೇ, ಊಟಕ್ಕೆ ಹೋಗುವ ಮೊದಲು, ಬಾಗಿಲ ಹತ್ತಿರ ಸಹಿ ಹಾಕಬಹುದು. ನಲವತ್ತು ಸೈಟಿನ ಸರಿಯಾದ ನಕ್ಷೆ ಬಂದರೆ ಮೊದಲು ಒಪ್ಪುವವರೂ ನಾವೇ. ಮಾರುವ ಸದಸ್ಯರೂ ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅರ್ಜಿಗೆ ಮೊದಲ ಹೆಬ್ಬೆಟ್ಟು ಅವರದೇ ಬಿದ್ದಿದೆ.